ಭಾರ ಇಳಿದ ದಾರಿಗಳು

ಕೆಮ್ಮಣ್ಣುಗುಂಡಿ ಎಂಬ ಹೆಸರನ್ನು ನಾವು ಎಷ್ಟೋ ಸಲ ಉಚ್ಚರಿಸಿದ್ದರೂ ಅದರ ಕೊನೆಯ ಪದವನ್ನು ಕಿವಿಗೊಟ್ಟು ಕೇಳಿರುವುದಿಲ್ಲ. ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದಲ್ಲಿ, ವರ್ಷದ ಅರ್ಧ ಕಾಲ ಮಂಜಿನೊಳಗೇ ಇರುವ ಊರಿನ ಹೆಸರು ಗಿರಿಯೂ ಅಲ್ಲ, ಬೆಟ್ಟವೂ ಅಲ್ಲ, ಗುಂಡಿ; ಕೆಂಪು ಮಣ್ಣಿನ ಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ತಂಗುತ್ತಿದ್ದ ತಾಣವಾದ್ದರಿಂದ ಇದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಗೌರವದ ಹೆಸರೂ ಇದೆ. ಆದರೆ ಲಿಂಗದಹಳ್ಳಿಯ ಸಂತೆಯಲ್ಲಿ ನಿಂತು ಆ ಹೆಸರು ಹೇಳಿದರೆ ಯಾರೂ ಥಟ್ಟನೆ ದಾರಿ ತೋರಿಸಲಾರರು. ಜನರ ಬಾಯಲ್ಲಿ ಉಳಿದದ್ದು ಗುಂಡಿಯೇ. ನಾನು ಈ ಬೆಟ್ಟಸಾಲಿನಲ್ಲಿ ಹತ್ತಾರು ವರ್ಷಗಳಿಂದ ನಡೆಯುತ್ತ ಬಂದಿದ್ದೇನೆ. ಆ ನಡಿಗೆಗಳ ಬಗ್ಗೆ ಬರೆಯಬೇಕೆಂದಾಗಲೆಲ್ಲ ಈ ಹೆಸರಿನಿಂದಲೇ ಆರಂಭಿಸಬೇಕೆನ್ನಿಸುತ್ತದೆ.

ಪ್ರವಾಸಿಗರು ಇಲ್ಲಿಗೆ ಬರುವುದು ತೋಟಗಾರಿಕೆ ಇಲಾಖೆಯ ಉದ್ಯಾನಕ್ಕೆ, ಝಡ್ ಪಾಯಿಂಟ್‌ನ ಸೂರ್ಯೋದಯಕ್ಕೆ, ಹೆಬ್ಬೆ ಜಲಪಾತಕ್ಕೆ. ಅವೆಲ್ಲ ನೋಡಬೇಕಾದವೇ. ರಾಜಭವನದ ಬಳಿಯಿಂದ ಝಡ್ ಪಾಯಿಂಟ್ ಕಡೆಗೆ ಹೋಗುವ ಕಾಲುದಾರಿಯಲ್ಲಿ ಶಾಂತಿ ಜಲಪಾತ ದಾಟಿದ ಮೇಲೆ ಒಂದು ಬದಿಗೆ ಹುಲ್ಲಿನ ಇಳಿಜಾರು, ಕೆಳಗೆ ಕಣಿವೆಯ ಸೀಳಿನಲ್ಲಿ ಒತ್ತೊತ್ತಾಗಿ ನಿಂತ ಶೋಲಾ ಕಾಡು ಕಾಣುವಾಗ ಮಾತು ತಾನಾಗಿ ನಿಲ್ಲುತ್ತದೆ. ಆದರೆ ನನ್ನನ್ನು ಮತ್ತೆ ಮತ್ತೆ ಕರೆಯುವುದು ಆ ಕೆಂಪು ಗುಂಡಿಗಳು ಮತ್ತು ಅವುಗಳಿಂದ ಕೆಳಗಿಳಿದ ದಾರಿಗಳು. ಈ ಬೆಟ್ಟ ಬಹಳ ಕಾಲ ಒಂದು ಕಾರ್ಖಾನೆಯ ಮೊದಲ ಮೆಟ್ಟಿಲಾಗಿತ್ತು ಎಂಬುದನ್ನು ಇಂದು ಇಲ್ಲಿ ಫೋಟೋ ತೆಗೆಸಿಕೊಳ್ಳುವವರಲ್ಲಿ ಹೆಚ್ಚಿನವರು ಅರಿತಿರುವುದಿಲ್ಲ. ಅರಿಯದಷ್ಟು ಚೆನ್ನಾಗಿ ಹಸಿರು ಅದನ್ನು ಮುಚ್ಚಿದೆ.

ಬೆಂಕಿಪುರ ಎಂಬ ಹಳೆಯ ಹೆಸರಿದ್ದ ಭದ್ರಾವತಿಯಲ್ಲಿ 1918ರಲ್ಲಿ ಸ್ಥಾಪನೆಯಾದ ಮೈಸೂರು ಮರ ಬಟ್ಟಿ ಇಳಿಸುವ ಮತ್ತು ಕಬ್ಬಿಣದ ಕಾರ್ಖಾನೆ, ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕನಸು. ಅದರ ಕುಲುಮೆಯಿಂದ ಮೊದಲ ಕಬ್ಬಿಣ ಹರಿದದ್ದು 1923ರಲ್ಲಿ. ಆ ಕಬ್ಬಿಣಕ್ಕೆ ಬೇಕಾದ ಮೂರು ವಸ್ತುಗಳೂ ನಮ್ಮ ಮಲೆನಾಡಿನ ಸುತ್ತಿನಲ್ಲೇ ಇದ್ದವು: ಸುಣ್ಣಕಲ್ಲು ಭಂಡಿಗುಡ್ಡದಿಂದ, ಇದ್ದಿಲು ಕಾಡಿನಿಂದ, ಅದಿರು ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮೇಲೆ ಅಗೆದ ಅದಿರು ರೋಪ್‌ವೇಯ ತೊಟ್ಟಿಲುಗಳಲ್ಲಿ ತೂಗಾಡುತ್ತ ಬುಡದ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಕಿರಿದಾದ ಟ್ರಾಂ ಹಳಿಗಳ ಮೇಲೆ ಭದ್ರಾವತಿಗೆ ಸಾಗುತ್ತಿತ್ತು. ಆಗ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರು. ಎರಡಡಿ ಅಗಲದ ಹಳಿಗಳ ಮೇಲೆ ತರೀಕೆರೆಯಿಂದ ನರಸಿಂಹರಾಜಪುರಕ್ಕೂ, ಅಂದರೆ ಹಿಂದಿನ ಎಡೇಹಳ್ಳಿಗೂ, ಒಂದು ಪುಟ್ಟ ರೈಲು ಓಡಾಡುತ್ತಿದ್ದ ಕಾಲ ಅದು. ಇಂದು ನಾವು ಕಾಡು, ತೋಟ, ಗದ್ದೆ ಎಂದು ನೋಡುವ ಈ ಸೀಮೆಯ ಮೇಲೆ ಹಳಿ, ತಂತಿ ಮತ್ತು ಹೊಗೆಯ ಒಂದು ಬಲೆಯೇ ಹರಡಿತ್ತು.

ನನ್ನ ಸೋದರಮಾವ ತಮ್ಮ ಯೌವನದ ಕೆಲವು ವರ್ಷ ಆ ರೋಪ್‌ವೇಯ ಮೇಲಿನ ನಿಲ್ದಾಣದಲ್ಲಿ ಅದಿರು ತುಂಬುವ ಕೆಲಸ ಮಾಡಿದ್ದರು. ಅವರು ಅದನ್ನು ತೊಟ್ಟಿಲು ಎನ್ನುವುದಿಲ್ಲ, ಬಕೆಟ್ಟು ಎನ್ನುತ್ತಾರೆ. ನಾನು ಚಿಕ್ಕವನಿದ್ದಾಗ ಅಜ್ಜಿಮನೆಯ ಜಗಲಿಯಲ್ಲಿ ಕುಳಿತು ಅವರು ಹೇಳುತ್ತಿದ್ದ ಮಾತುಗಳಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಒಂದೇ: ತುಂಬಿದ ಬಕೆಟ್ಟು ಕೆಳಗಿಳಿಯುವ ಭಾರವೇ ಖಾಲಿ ಬಕೆಟ್ಟನ್ನು ಮೇಲಕ್ಕೆಳೆಯುತ್ತದೆ. ಮೇಲಿನಿಂದ ಕೆಳಕ್ಕೆ ಸರಕು ಸಾಗಿಸುವ ಇಂಥ ವ್ಯವಸ್ಥೆಯಲ್ಲಿ ಎಳೆಯುವುದಕ್ಕಿಂತ ಹಿಡಿದು ನಿಲ್ಲಿಸುವುದೇ ದೊಡ್ಡ ಕೆಲಸ. ಭಾರ ತನ್ನಷ್ಟಕ್ಕೆ ಓಡಲು ಹವಣಿಸುತ್ತದೆ, ಮನುಷ್ಯ ಅದನ್ನು ಒಂದೇ ವೇಗದಲ್ಲಿ ಇಳಿಯುವಂತೆ ತಡೆಯುತ್ತಿರಬೇಕು. ಬಕೆಟ್ಟುಗಳ ನಡುವಿನ ಅಂತರ ಎಷ್ಟು ಖಚಿತವಾಗಿತ್ತೆಂದರೆ, ಗಡಿಯಾರವಿಲ್ಲದ ಅವರು ಮನಸ್ಸಿನಲ್ಲೇ ಎಣಿಸುತ್ತ ಹೊತ್ತು ಅಳೆಯುತ್ತಿದ್ದರಂತೆ. ಮಳೆಗಾಲದ ಮಂಜಿನಲ್ಲಿ ಎದುರಿನ ಕಂಬವೂ ಕಾಣದಿದ್ದಾಗ, ಎಣಿಕೆ ಮುಗಿಯುವ ಹೊತ್ತಿಗೆ ಸರಿಯಾಗಿ ಬಿಳಿಯೊಳಗಿಂದ ಒಂದು ಖಾಲಿ ಬಕೆಟ್ಟು ಮೂಡಿ ಬರುತ್ತಿತ್ತು ಎಂದು ಅವರು ಹೇಳುವಾಗ ನಾನು ಪ್ರತಿ ಸಲವೂ ಉಸಿರು ಹಿಡಿಯುತ್ತಿದ್ದೆ.

ನಡಿಗೆಯ ಬಗ್ಗೆ ನಾನು ಕಲಿತ ಬಹುಮುಖ್ಯ ಸಂಗತಿಯನ್ನೂ ಅವರೇ ಹೇಳಿದರು. ಕೆಲವು ವರ್ಷಗಳ ಹಿಂದೆ, ಮಂಡಿನೋವಿನಿಂದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ ಅಮ್ಮನನ್ನು ಕರೆದುಕೊಂಡು ತಣಿಗೆಬೈಲಿನ ಕಡೆ ಹೋಗಿದ್ದೆವು. ಹಳೆಯ ಟ್ರಾಂ ಹಳಿ ಇಲ್ಲೇ ಇತ್ತೆಂದು ಊರವರು ತೋರಿಸಿದ ದಿಬ್ಬ ಕೆಲವೆಡೆ ಹೊಲದ ಬದುವಾಗಿದೆ, ಕೆಲವೆಡೆ ಗಾಡಿದಾರಿಯಾಗಿದೆ, ಕೆಲವೆಡೆ ಲಂಟಾನದ ಪೊದೆಯೊಳಗೆ ಹೊಕ್ಕು ಮಾಯವಾಗುತ್ತದೆ. ಉಳಿದಷ್ಟು ದೂರದಲ್ಲಿ ಅಮ್ಮ ಒಂದು ಸಲವೂ ನಿಲ್ಲದೆ ನಡೆದರು. ಇಷ್ಟು ಸಲೀಸಾಗಿ ಹೇಗೆ ನಡೆದೆ ಎಂದು ನಾನು ಕೇಳಿದಾಗ, ಅಮ್ಮನಿಗಿಂತ ಮೊದಲು ಮಾವ ಉತ್ತರ ಕೊಟ್ಟರು: "ಇದು ಮನುಷ್ಯರಿಗೆ ಅಂತ ಮಾಡಿದ ದಾರಿ ಅಲ್ಲ ಕಣೋ. ಅದಿರಿಗೆ ಮಾಡಿದ್ದು."

ಆ ಮಾತನ್ನು ನಾನು ದಿನಗಟ್ಟಲೆ ಯೋಚಿಸಿದೆ. ಮಲೆನಾಡಿನಲ್ಲಿ ಮನುಷ್ಯ ಮತ್ತು ದನ ಮಾಡಿದ ದಾರಿಗಳು ಸಾಮಾನ್ಯವಾಗಿ ಕಡಿದಾಗಿರುತ್ತವೆ. ಮನೆಗೆ ಬೇಗ ತಲುಪಬೇಕೆನ್ನುವ ಕಾಲು ನೇರವಾಗಿ ಗುಡ್ಡ ಹತ್ತಿಬಿಡುತ್ತದೆ. ಭಾರ ಹೊತ್ತ ಗಾಲಿಗೆ ಆ ಸ್ವಾತಂತ್ರ್ಯವಿಲ್ಲ. ನುಣುಪಾದ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ನೂರು ಅಡಿ ದೂರಕ್ಕೆ ಎರಡು ಮೂರು ಅಡಿ ಏರಿದರೂ ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಸೋಲುತ್ತದೆ. ಆದ್ದರಿಂದ ಹಳಿ ಹಾಕಿದವರು ಗುಡ್ಡದ ಸೊಂಟವನ್ನು ಬಳಸಿ, ತಗ್ಗು ಬಂದಲ್ಲಿ ಮಣ್ಣು ತುಂಬಿ, ದಿಣ್ಣೆ ಬಂದಲ್ಲಿ ಕಡಿದು, ಕಣ್ಣಿಗೆ ಸಮತಟ್ಟೆಂದೇ ತೋರುವ ಒಂದು ಗೆರೆಯನ್ನು ಎಳೆದರು. ಬುಟ್ಟಿಯಲ್ಲಿ ಮಣ್ಣು ಹೊತ್ತ ಸಾವಿರಾರು ತಲೆಗಳು ಆ ಗೆರೆಯ ಕೆಳಗಿವೆ. ಹಳಿ ಹೋಯಿತು, ಗೆರೆ ಉಳಿಯಿತು. ಇಂದು ನನ್ನ ಅಮ್ಮನ ಮಂಡಿಗೆ ಹಿತವಾದ ಆ ನಿಧಾನದ ಏರು, ಒಂದು ಕಾಲದಲ್ಲಿ ಅದಿರಿನ ಭಾರಕ್ಕೆ ಕೊಟ್ಟ ಮರ್ಯಾದೆ. ಹಳೆಯ ಗಣಿ ಮತ್ತು ಹಳೆಯ ಹಳಿಯ ಸೀಮೆಗಳಲ್ಲಿ ನಡಿಗೆ ಏಕೆ ಸುಲಭವೆಂದು ಯಾರಾದರೂ ಕೇಳಿದರೆ ನನಗೆ ತಿಳಿದಿರುವ ಉತ್ತರ ಇದೇ.

ಮೇಲೆ, ಅದಿರು ಅಗೆದ ಜಾಗದಲ್ಲಿ, ಕಥೆ ಬೇರೆ. ಅಲ್ಲಿ ಕಾಲಿಗಿಂತ ಕಣ್ಣಿಗೆ ಕೆಲಸ ಹೆಚ್ಚು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿರುವುದರಿಂದ ಒಂದು ಹಂತದಲ್ಲಿ ನಿಂತರೆ ಮುಂದಿನ ಹಂತದ ಗೋಡೆ ಎದೆಯೆತ್ತರಕ್ಕೋ ಆಳೆತ್ತರಕ್ಕೋ ಎದುರಾಗುತ್ತದೆ. ಮಳೆ ನಿಂತ ಮಾರನೆಯ ದಿನ ಆ ಗೋಡೆಯನ್ನು ನೋಡಬೇಕು. ಬಾಬಾಬುಡನ್ ಸಾಲಿನ ಕಬ್ಬಿಣದ ಕಲ್ಲು ಒಂದೇ ಬಣ್ಣದ್ದಲ್ಲ. ಕೆಂಪು ಅಥವಾ ಉಕ್ಕಿನ ಬೂದು ಬಣ್ಣದ ಪದರ, ಅದರ ಮೇಲೆ ಬೆಳ್ಳನೆಯ ಬೆಣಚಿನ ಪದರ, ಮತ್ತೆ ಕೆಂಪು, ಮತ್ತೆ ಬಿಳಿ, ಹೀಗೆ ಸೀರೆಯ ಅಂಚಿನ ಗೆರೆಗಳಂತೆ ಜೋಡಿಸಿಟ್ಟಿರುತ್ತದೆ. 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಒಂದೊಂದಾಗಿ ಕುಳಿತ ಪದರಗಳವು. ಅನಂತರ ಭೂಮಿ ಮಡಚಿಕೊಂಡಾಗ ಅವೂ ಮಡಚಿದವು. ಇಡೀ ಬೆಟ್ಟಸಾಲು ಅರ್ಧಚಂದ್ರಾಕಾರವಾಗಿ ಬಾಗಿರುವುದರಿಂದಲೇ ನಮ್ಮ ಹಿರಿಯರು ಚಂದ್ರದ್ರೋಣ ಎಂದರು. ಗಣಿ ಇರದಿದ್ದರೆ ಈ ಗೆರೆಗಳನ್ನು ನಾನು ಹೀಗೆ ಹತ್ತಿರದಿಂದ ಕಾಣುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಹುಲ್ಲು ಹೊದ್ದ ಬೆಟ್ಟ ತನ್ನ ಒಳಗನ್ನು ತೋರಿಸುವುದಿಲ್ಲ; ಗಾಯದಲ್ಲಿ ಮಾತ್ರ ಅದು ಕಾಣುತ್ತದೆ.

ಆ ಗಾಯದ ಮೇಲೆ ಗಿಡ ಹೇಗೆ ಬರುತ್ತದೆ ಎಂಬುದನ್ನು ನೋಡುತ್ತ ನಾನು ಹಲವು ಬೆಳಗುಗಳನ್ನು ಕಳೆದಿದ್ದೇನೆ. ಮೊದಲು ಬರುವುದು ಮರವಲ್ಲ. ನೀರು ಜಿನುಗುವ ಬಿರುಕಿನಲ್ಲಿ ಹಾವಸೆ, ಅದರ ಮೇಲೆ ಜರಿಗಿಡ, ತುಸು ಮಣ್ಣು ನಿಂತ ಅಂಚಿನಲ್ಲಿ ಹುಲ್ಲು, ಅನಂತರ ನೇರಳೆ ಬಣ್ಣದ ಹೂ ಬಿಡುವ ನೆಕ್ಕರಿಕೆಯ ಪೊದೆ. ನೆಕ್ಕರಿಕೆಯ ಹಣ್ಣು ತಿಂದು ನಾಲಿಗೆ ಕಪ್ಪು ಮಾಡಿಕೊಂಡ ಬಾಲ್ಯ ನಮ್ಮಲ್ಲಿ ಅನೇಕರದ್ದು. ಪಿಕಳಾರಗಳಿಗೂ ಅದು ಪ್ರಿಯ. ಹಣ್ಣು ತಿನ್ನಲು ಬಂದ ಹಕ್ಕಿ ಬೇರೆ ಬೀಜಗಳನ್ನು ಅಲ್ಲೇ ಉದುರಿಸಿ ಹೋಗುತ್ತದೆ. ಆದರೂ ಮೇಲ್ಮಣ್ಣು ಪೂರ್ತಿ ತೆಗೆದು ಕಬ್ಬಿಣದ ಕಲ್ಲಷ್ಟೇ ಉಳಿದ ಹಂತಗಳಲ್ಲಿ ಮರಗಳು ಬೇರೂರಲು ತಿಣುಕುತ್ತವೆ. ಬೇಸಿಗೆಯಲ್ಲಿ ಆ ಕಲ್ಲು ಕಾವಲಿಯಂತೆ ಕಾಯುತ್ತದೆ, ಮಳೆಗಾಲದಲ್ಲಿ ತೆಳ್ಳನೆಯ ಮಣ್ಣು ತೊಳೆದುಹೋಗುತ್ತದೆ. ನೂರು ಅಡಿ ಆಚೆ, ಯಾರೂ ಮುಟ್ಟದ ಕಣಿವೆಯಲ್ಲಿ ಶೋಲಾ ಕಾಡು ತನ್ನ ಪಾಡಿಗೆ ತಾನು ದಟ್ಟವಾಗಿ ನಿಂತಿರುತ್ತದೆ. ಅದು ಈ ಹಂತಗಳ ಮೇಲೆ ಒಂದು ಹೆಜ್ಜೆಯೂ ಮುಂದೆ ಬಂದಂತೆ ನನಗೆ ಕಂಡಿಲ್ಲ. ಪ್ರಕೃತಿ ತನ್ನದನ್ನು ಮರಳಿ ಪಡೆಯಿತು ಎಂದು ಬರೆಯುವುದು ಸುಲಭ. ಇಲ್ಲಿ ನಿಂತು ನೋಡಿದವರಿಗೆ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಜರಿಗಿಡ ಬಂದಿದೆ, ಹುಲ್ಲು ಬಂದಿದೆ, ಹಕ್ಕಿ ಬಂದಿದೆ. ಕಾಡು ಇನ್ನೂ ಬಂದಿಲ್ಲ.

ಕಾರ್ಖಾನೆಯ ಇನ್ನೊಂದು ಗುರುತು ಗುಂಡಿಯಲ್ಲಿಲ್ಲ, ಮರದ ಬುಡದಲ್ಲಿದೆ. ಭದ್ರಾವತಿಯ ಕುಲುಮೆ ಮೊದಲಿಗೆ ಕಲ್ಲಿದ್ದಲಿನಿಂದ ಉರಿದದ್ದಲ್ಲ. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ, ಆದ್ದರಿಂದ ಮಲೆನಾಡಿನ ಮರವನ್ನೇ ಸುಟ್ಟು ಇದ್ದಿಲು ಮಾಡಿದರು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಬರುವ ಆವಿಯಿಂದ ಮರದ ಮದ್ಯಸಾರ ಮೊದಲಾದವನ್ನು ಇಳಿಸಿಕೊಂಡು, ಉಳಿದ ಇದ್ದಿಲನ್ನು ಕುಲುಮೆಗೆ ಹಾಕುತ್ತಿದ್ದರು. ಕಾರ್ಖಾನೆಯ ಹೆಸರಿನಲ್ಲಿ ಮರಕ್ಕೆ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕಾಗಿ. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಕಟ್ಟಿಗೆ ಬೇಕಾಗುತ್ತದೆ ಎಂಬ ಸಾಮಾನ್ಯ ಲೆಕ್ಕವನ್ನು ಇಟ್ಟುಕೊಂಡರೆ, ಕುಲುಮೆ ಉರಿದ ದಶಕಗಳಲ್ಲಿ ಎಷ್ಟು ಕಾಡು ಅದರ ಬಾಯಿಗೆ ಹೋಗಿರಬಹುದೆಂದು ಊಹಿಸಿಕೊಂಡೇ ಎದೆ ಭಾರವಾಗುತ್ತದೆ. ಆದರೆ ಕಡಿದದ್ದು ಬೇರು ಕಿತ್ತದ್ದಲ್ಲ. ಮಲೆನಾಡಿನ ಸೆರಗಿನ ಕಾಡುಗಳಲ್ಲಿ ನಡೆಯುವಾಗ ತೇಗ, ಮತ್ತಿಗಳ ಬುಡಗಳನ್ನು ಗಮನಿಸಿ ನೋಡಿ: ಒಂದೇ ಬುಡದಿಂದ ಮೂರು, ನಾಲ್ಕು ಕಾಂಡಗಳು ಮೇಲೆದ್ದಿರುತ್ತವೆ. ಎಂದೋ ಕೊಡಲಿ ಬಿದ್ದ ಮರ ಹಾಗೆ ಚಿಗುರುತ್ತದೆ. ಆ ಚಿಗುರೇ ಈಗ ತೋಳಿಗೆ ಸಿಗದಷ್ಟು ದಪ್ಪನೆಯ ಮರ. ಮಣ್ಣು ಉಳಿದಲ್ಲಿ ಕಾಡು ಮರಳಿತು. ಮಣ್ಣನ್ನೇ ತೆಗೆದಲ್ಲಿ ಮರಳಲಿಲ್ಲ. ಪಕ್ಕದ ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರ ಅಂಚಿನ ರಸ್ತೆಯಲ್ಲಿ ಮುಸ್ಸಂಜೆ ಕಾಟಿಗಳ ಹಿಂಡು ಮೇಯುವುದನ್ನು ಕಾಣುವಾಗ, ಇದೇ ಸೀಮೆಯಿಂದ ಕುಲುಮೆಗೆ ಕಟ್ಟಿಗೆ ಹೋಗುತ್ತಿತ್ತು ಎಂಬುದನ್ನು ನೆನೆಯದೆ ಇರಲು ನನ್ನಿಂದ ಆಗುವುದಿಲ್ಲ.

ನಮ್ಮ ಜಿಲ್ಲೆಯ ಮತ್ತೊಂದು ಮೂಲೆಯಲ್ಲಿ ಇದೇ ಕಬ್ಬಿಣಕ್ಕಾಗಿ ನಡೆದ ಕೆಲಸ ಬೇರೆಯೇ ಅಳತೆಯದು. ಕಳಸದಿಂದ ಕುದುರೆಮುಖದ ಕಡೆ ಸಾಗುವ ರಸ್ತೆಯಲ್ಲಿ ಖಾಲಿಯಾದ ಪಟ್ಟಣದ ಸಾಲುಮನೆಗಳು ಎದುರಾಗುತ್ತವೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯ ಗಣಿ, 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಯ ದಿನ ನಿಂತಿತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ರಾಷ್ಟ್ರೀಯ ಉದ್ಯಾನದ ಒಳಗೆ, ಬಹಳ ಹೆಚ್ಚು ಮಳೆ ಬೀಳುವ ಬೆಟ್ಟಗಳಲ್ಲಿ, ಗುಡ್ಡವನ್ನು ತೆರೆದಿಟ್ಟಾಗ ಹೂಳೆಲ್ಲ ಭದ್ರೆಗೆ ಇಳಿಯುತ್ತದೆ ಎಂಬುದು ಗಣಿಯನ್ನು ವಿರೋಧಿಸಿದವರ ಮುಖ್ಯ ವಾದಗಳಲ್ಲಿ ಒಂದಾಗಿತ್ತು. ಅದಿರನ್ನು ಬೇರ್ಪಡಿಸಿದ ಮೇಲೆ ಉಳಿದ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಅದಿರನ್ನು ಪುಡಿಮಾಡಿ, ನೀರಿನೊಂದಿಗೆ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು.

ಕೊಳವೆಯ ವಿಷಯದಲ್ಲಿ ನಾನು ತುಸು ನಿಲ್ಲುತ್ತೇನೆ. ಕೆಮ್ಮಣ್ಣುಗುಂಡಿಯ ಅದಿರು ತೊಟ್ಟಿಲಲ್ಲಿ ಇಳಿದು ಹಳಿಯ ಮೇಲೆ ಉರುಳಿತು. ಆದ್ದರಿಂದ ಅದು ನಮಗೊಂದು ದಾರಿಯನ್ನು ಬಿಟ್ಟುಹೋಯಿತು. ಕುದುರೆಮುಖದ ಅದಿರು ಕೊಳವೆಯೊಳಗೆ ಹರಿಯಿತು. ಕೊಳವೆಯ ಮೇಲೆ ನಡೆಯುವ ನಡಿಗೆ ಯಾವುದೂ ಇಲ್ಲ. ಯಂತ್ರಗಳು ದೊಡ್ಡದಾದಂತೆ ಅವು ಬಿಟ್ಟುಹೋಗುವ ಗುರುತು ಮನುಷ್ಯನ ಹೆಜ್ಜೆಗೆ ದಕ್ಕುವುದಿಲ್ಲ. ಗಣಿಪ್ರದೇಶದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ, ಹೋಗಲೂಬಾರದು. ರಸ್ತೆಬದಿಯಲ್ಲಿ ನಿಂತರೆ ಕಾಣುವ ಹಸಿರಿನಲ್ಲಿ ಹುಲ್ಲುಗಾವಲು ಯಾವುದು, ಅಕೇಶಿಯಾ ಯಾವುದು ಎಂದು ಬಣ್ಣದಿಂದಲೇ ಗುರುತಿಸಬಹುದು: ಹುಲ್ಲು ಋತುವಿನೊಂದಿಗೆ ಬಣ್ಣ ಬದಲಿಸುತ್ತದೆ, ಅಕೇಶಿಯಾ ಹನ್ನೆರಡು ತಿಂಗಳೂ ಒಂದೇ ಕಡುಹಸಿರು. ಬೋಳು ಮಣ್ಣಿನಲ್ಲೂ ಬದುಕುವ, ಬೇರಿನಲ್ಲಿ ಸಾರಜನಕ ಹಿಡಿದಿಡುವ ಮರವೆಂದು ಆಸ್ಟ್ರೇಲಿಯಾ ಕಡೆಯ ಅಕೇಶಿಯಾವನ್ನು ಮಲೆನಾಡಿನುದ್ದಕ್ಕೂ ನೆಟ್ಟರು. ಅದು ಮಣ್ಣು ಹಿಡಿದದ್ದು ನಿಜ. ಅದರ ಎಲೆ ಬೇಗ ಕೊಳೆಯದೆ ಚಾಪೆಯಂತೆ ಹಾಸಿಕೊಂಡು, ಕೆಳಗೆ ಬೇರೇನೂ ಸುಲಭವಾಗಿ ಹುಟ್ಟದಂತೆ ಮಾಡಿದ್ದೂ ನಿಜ. ಹಸಿರೆಂದರೆ ಕಾಡು ಎಂದು ನಂಬಿದ ಕಣ್ಣನ್ನು ತಿದ್ದಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ಬಯಲುಸೀಮೆಯಿಂದ ಬಂದ ಗೆಳೆಯರು ಅಕೇಶಿಯಾ ತೋಪನ್ನು ನೋಡಿ ಎಂಥ ಕಾಡು ಎಂದು ಹಿಗ್ಗಿದಾಗ ಅವರ ಸಂತೋಷವನ್ನು ಕೆಡಿಸದೆ ಹೇಗೆ ಹೇಳುವುದೆಂದು ನಾನು ಇಂದಿಗೂ ಒದ್ದಾಡುತ್ತೇನೆ. ಹೇಳದೆ ಇರುವುದೂ ಸರಿಯಲ್ಲ ಎಂದು ತಿಳಿದು, ಕೊನೆಗೆ ಅವರನ್ನು ಆ ತೋಪಿನಿಂದ ಹತ್ತಿರದ ಶೋಲಾದ ಅಂಚಿಗೆ ಕರೆದೊಯ್ದು ಸುಮ್ಮನೆ ನಿಲ್ಲಿಸುತ್ತೇನೆ. ಅಲ್ಲಿ ನೆಲ ಒದ್ದೆಯಾಗಿರುತ್ತದೆ, ಹಕ್ಕಿಗಳ ದನಿ ಹತ್ತು ಬಗೆಯಲ್ಲಿ ಕೇಳುತ್ತದೆ.

ಈ ಸೀಮೆಯಲ್ಲಿ ನಡೆಯಬೇಕೆನ್ನುವವರಿಗೆ ನಾನು ಹೇಳುವುದು ಸ್ವಲ್ಪವೇ. ಮಳೆ ಹಿಂದೆ ಸರಿದ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಬನ್ನಿ. ಮುಂಗಾರಿನಲ್ಲಿ ಇಂಬಳಗಳು ಮತ್ತು ಜಾರುವ ಕೆಮ್ಮಣ್ಣು, ಮಾರ್ಚ್ ಕಳೆದರೆ ಒಣಹುಲ್ಲಿನ ಬೆಂಕಿಯ ಭಯ. ಯಾವ ದಾರಿಯಲ್ಲಿ ಹೋಗಬಹುದು, ಯಾವುದರಲ್ಲಿ ಹೋಗಬಾರದು ಎಂಬುದನ್ನು ಅರಣ್ಯ ಇಲಾಖೆಯವರನ್ನೂ ಊರವರನ್ನೂ ಮೊದಲೇ ಕೇಳಿಕೊಳ್ಳಿ. ನೀರು ನಿಂತ ಹಳೆಯ ಗುಂಡಿಗಳ ಅಂಚಿಗೆ ಮಕ್ಕಳನ್ನು ಬಿಡಬೇಡಿ. ಆ ಅಂಚುಗಳು ಒಳಗೊಳಗೇ ಕೊರೆದಿರುತ್ತವೆ. ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆತನ್ನಿ. ದಾರಿ ಅವರ ಕಾಲಿಗೆ ಕಷ್ಟ ಕೊಡುವುದಿಲ್ಲ, ಅವರ ನೆನಪು ನಿಮ್ಮ ಕಣ್ಣಿಗೆ ದಾರಿ ಕೊಡುತ್ತದೆ.

ಕಳೆದ ಡಿಸೆಂಬರಿನಲ್ಲಿ ಮಾವನನ್ನು ಮೇಲಕ್ಕೆ ಕರೆದೊಯ್ದಿದ್ದೆ. ಎಂಬತ್ತು ದಾಟಿದ ಅವರು ಕಾರಿನಿಂದಿಳಿದು ಕೋಲೂರಿಕೊಂಡು ನಿಧಾನವಾಗಿ ನಡೆದರು. ತಾವು ಕೆಲಸ ಮಾಡುತ್ತಿದ್ದ ಜಾಗ ಇದೇ ಎಂದು ಅವರು ನಿಂತ ಕಡೆ ಪಾಚಿಗಟ್ಟಿದ ಒಂದು ಕಾಂಕ್ರೀಟ್ ಕಟ್ಟೆ ಉಳಿದಿತ್ತು. ಅದರ ಮೈಯಿಂದ ತುಕ್ಕು ಹಿಡಿದ ದಪ್ಪ ಬೋಲ್ಟುಗಳು ಹೊರಚಾಚಿದ್ದವು, ಬಿರುಕಿನಲ್ಲಿ ಹಕ್ಕಿ ತಂದಿಟ್ಟ ಅತ್ತಿಯ ಸಸಿಯೊಂದು ಮೊಣಕಾಲೆತ್ತರ ಬೆಳೆದಿತ್ತು. ಅದನ್ನು ಕಿತ್ತರೆ ಕಟ್ಟೆ ಉಳಿಯುತ್ತದೆಯೇನೋ ಎಂದು ನಾನು ಕೈ ಚಾಚಿದೆ. ಮಾವ ತಲೆಯಾಡಿಸಿ ಬೇಡವೆಂದರು. ಕಟ್ಟೆಯ ಮೇಲೆ ಕುಳಿತು, ಒಂದು ಬೋಲ್ಟಿನ ತಲೆಯ ಮೇಲೆ ಅಂಗೈಯಿಟ್ಟು, ಕಣಿವೆಯ ಕಡೆ ನೋಡತೊಡಗಿದರು. ಮಂಜು ಕೆಳಗಿನಿಂದ ಏರಿ ಬಂದು ಎದುರಿನ ಇಳಿಜಾರನ್ನು ಮುಚ್ಚಿತು. ಅವರ ತುಟಿಗಳು ಸಣ್ಣಗೆ ಆಡುತ್ತಿದ್ದವು. ದೇವರ ನಾಮವಿರಬೇಕೆಂದು ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ತುಟಿ ನಿಂತಿತು. ಬೆರಳೆತ್ತಿ ಬಿಳಿಯೊಳಗಿನ ಒಂದು ಜಾಗವನ್ನು ತೋರಿಸಿ, "ಈಗ ಅಲ್ಲಿ ಒಂದು ಬರಬೇಕಿತ್ತು" ಎಂದರು.